ಎರಡು ಸುಳಿಯ ತಲೆ

ಕಟಿಂಗ್ ಶಾಪಿನವನಿಗೆ ರೇಡಿಯೋ ಎಂಬ ಹೆಸರು ಬಂದದ್ದು ಅಂಗಡಿಯಲ್ಲಿದ್ದ ರೇಡಿಯೋ ಕೆಟ್ಟ ಮೇಲೆ. ಅದು ಮೂಲೆ ಸೇರಿ ವರ್ಷವಾದರೂ ಯಾವ ಗಿರಾಕಿಗೂ ಅದರ ಕೊರತೆ ಕಾಣಲಿಲ್ಲ. ಬೆಳಿಗ್ಗೆ ಶಟರ್ ಎತ್ತುವಾಗ ಶುರುವಾದ ಅವನ ಮಾತು ಸಂಜೆ ಶಟರ್ ಇಳಿಸಿದರೂ ಮುಗಿಯುತ್ತಿರಲಿಲ್ಲ. ಉಳಿದದ್ದನ್ನು ಮನೆಗೆ ಹೊತ್ತುಕೊಂಡು ಹೋಗಿ ಹೆಂಡತಿಯ ಮುಂದೆ ಸುರಿಯುತ್ತಿದ್ದ. ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಮೂವತ್ತು ವರ್ಷ. ಕೆಲಸದಲ್ಲಿ ಮಾತ್ರ ಅವನಿಗೆ ಯಾರೂ ಹೆಸರಿಡುವಂತಿರಲಿಲ್ಲ, ಅಷ್ಟು ಹಗುರವಾದ ಕೈ.

ಮಾತು ನಿಲ್ಲುತ್ತಿದ್ದದ್ದು ಒಂದೇ ಒಂದು ಗಳಿಗೆಯಲ್ಲಿ. ಕೊನೆಗೆ ಗಿರಾಕಿಯ ತಲೆ ಬಗ್ಗಿಸಿ, ಕತ್ತಿನ ಹಿಂದೆ ಕತ್ತಿಯಿಂದ ಗೆರೆ ತೆಗೆಯುವಾಗ ರೇಡಿಯೋ ಉಸಿರು ಬಿಗಿಹಿಡಿಯುತ್ತಿದ್ದ. ಆ ಅರ್ಧ ನಿಮಿಷ ಅಂಗಡಿಯಲ್ಲಿ ಫ್ಯಾನಿನ ಸದ್ದು ಕೇಳುತ್ತಿತ್ತು. ಆಮೇಲೆ ಬಿಟ್ಟ ಜಾಗದಿಂದಲೇ ಮತ್ತೆ ಶುರು.

ಅಂಥವನ ಬಾಯಿಗೆ ಆ ವಾರ ಸುಗ್ಗಿ. ಸೋಮವಾರ ಬೆಳಿಗ್ಗೆ ಆಚೆ ಬಡಾವಣೆಯ ಅಜ್ಜ ಒಬ್ಬರು ಮನೆಯಿಂದ ಹೊರಟವರು ವಾಪಸು ಬಂದಿರಲಿಲ್ಲ. ಅವರಿಗೆ ಮರೆವಿನ ಕಾಯಿಲೆ. ಮಗ ಶಾಲೆಯ ಮಕ್ಕಳ ವ್ಯಾನ್ ಓಡಿಸುವವನು. ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು, ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು. ಮಗ ಅಪ್ಪನ ಫೋಟೋ ಹಾಕಿ, ತನ್ನ ನಂಬರ್ ಕೊಟ್ಟು, ಕಂಡವರು ತಿಳಿಸಿ ಎಂದು ಆನ್‌ಲೈನಿನಲ್ಲಿ ಊರಿನ ಗ್ರೂಪಿಗೆ ಬರೆದ. ಕೈಗೆ ಸಿಕ್ಕ ಫೋಟೋ ಹತ್ತು ವರ್ಷ ಹಳೆಯದು: ಗುಂಡು ಮುಖ, ಬಣ್ಣ ಹಚ್ಚಿದ ಕಪ್ಪು ಕೂದಲು, ದಪ್ಪ ಕಟ್ಟಿನ ಕನ್ನಡಕ. "ಈಗಿನ ಫೋಟೋ ಒಂದೂ ಇಲ್ವಾ ಮನೇಲಿ?" ಎಂದು ಯಾರೋ ಕೇಳಿದ್ದೇ ತಡ, ಶುರುವಾಯಿತು ನೋಡಿ.

ಮನೆ ಯಾರ ಹೆಸರಲ್ಲಿದೆ ವಿಚಾರಿಸಿ ಎಂದ ಒಬ್ಬ. ಯಾರೋ ತೆಗೆದು ಹಾಕಿದ ಮನೆಯ ಫೋಟೋ ನೋಡಿ, ಹಿತ್ತಲಲ್ಲಿ ಹೊಸ ಸಿಮೆಂಟ್ ಕಾಣಿಸ್ತಿದೆ, ದೊಡ್ಡದು ಮಾಡಿ ನೋಡಿ ಎಂದ ಇನ್ನೊಬ್ಬ. ಅದು ಬಟ್ಟೆ ಒಗೆಯುವ ಕಲ್ಲು, ಪಾಪ, ಅದಕ್ಕೇನು ಗೊತ್ತು ತಾನು ಸಾಕ್ಷಿ ಅಂತ! ಮಂಗಳವಾರ ಮೊಬೈಲ್ ಚಾನೆಲ್ಲಿನವನೊಬ್ಬ ಟೈಲರಮ್ಮನ ಮುಖಕ್ಕೆ ಮೈಕ್ ಹಿಡಿದ. ಆಕೆ ನೆಟ್ಟಗೆ ನಿಂತು, ಮಾವ ಉಟ್ಟ ಬಟ್ಟೆ, ಕೈಯಲ್ಲಿದ್ದ ಚೀಲ, ಎಲ್ಲ ಒಂದೊಂದಾಗಿ ಹೇಳಿದಳು. ಅಳಲಿಲ್ಲ. ಅದೇ ತಪ್ಪಾಯಿತು.

ರೇಡಿಯೋ ಆ ವಿಡಿಯೋವನ್ನು ಅಂಗಡಿಯಲ್ಲಿ ಹತ್ತು ಸಲ ಹಾಕಿದ. ಕೊನೆಗೆ ತಾನೇ ಒಂದು ಕಾಮೆಂಟ್ ಬರೆದ: "ಮೂವತ್ತು ವರ್ಷದಿಂದ ದಿನಾ ಮುಖ ನೋಡೋದೇ ನನ್ನ ಕಸುಬು. ಈ ಸೊಸೆ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಬರೆದಿಟ್ಕೊಳ್ಳಿ, ಅಜ್ಜ ಎಲ್ಲಿದ್ದಾರೆ ಅಂತ ಇವಳಿಗೆ ಗೊತ್ತು."

ಬುಧವಾರ ಬೆಳಿಗ್ಗೆ ಎದ್ದು ನೋಡುತ್ತಾನೆ, ಎರಡು ಸಾವಿರ ಲೈಕು! ಜನ್ಮದಲ್ಲಿ ಇಷ್ಟು ಜನ ಅವನ ಮಾತಿಗೆ ತಲೆದೂಗಿರಲಿಲ್ಲ. ಮಗನ ಫೋನ್ ಸ್ವಿಚ್ ಆಫ್ ಆಗಿದೆಯೆಂದು ಯಾರೋ ಬರೆದಾಗ, "ನೋಡಿದ್ರಾ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಎಂದು ಗಿರಾಕಿಗಳ ಮುಂದೆ ಕತ್ತರಿ ಆಡಿಸಿದ. "ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಸಾರ್?"

ಗುರುವಾರ ಮಧ್ಯಾಹ್ನಕ್ಕೆ ಮುಂಚೆ, ಕುರ್ಚಿಯಲ್ಲಿ ನಿವೃತ್ತ ಗುಮಾಸ್ತರು ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಫೋನ್ ಟಿಣ್ ಎಂದಿತು. ರೇಡಿಯೋ ಕತ್ತಿ ಕೆಳಗಿಟ್ಟು ನೋಡಿದ. ಟೈಲರಮ್ಮ ಹೊಸ ಫೋಟೋ ಹಾಕಿದ್ದಳು. "ಹೋದ ತಿಂಗಳದ್ದು ಇದೊಂದೇ ಸಿಕ್ಕಿತು. ಹಿಂದಿನಿಂದ ತೆಗೆದದ್ದು. ದಯವಿಟ್ಟು ನೋಡಿ." ಮೆಟ್ಟಿಲ ಮೇಲೆ ಕೂತ ಮುದುಕ, ಹಿಂದೆ ನಿಂತು ತಲೆ ಬಾಚುತ್ತಿರುವ ಮೊಮ್ಮಗಳು. ಬಡಕಲು ಕತ್ತು. ಬಿಳಿ ಕೂದಲು. ನಡುನೆತ್ತಿಯಲ್ಲಿ ಎರಡು ಸುಳಿ, ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ. ಬಲಗಿವಿಯ ಅಂಚಿನಲ್ಲಿ ಚಿಕ್ಕದೊಂದು ಕಚ್ಚು.

ಆ ತಲೆ ರೇಡಿಯೋಗೆ ಗೊತ್ತಿತ್ತು. ಸೋಮವಾರದ ಮೊದಲ ಗಿರಾಕಿ!

"ಏನ್ ರೇಡಿಯೋ, ಸ್ಟೇಷನ್ ಸಿಗ್ತಿಲ್ವಾ?" ಎಂದರು ಗುಮಾಸ್ತರು ನೊರೆಯೊಳಗಿಂದ. ಅವನು ತುಟಿ ಪಿಟಕ್ಕೆನ್ನದೆ ಅವರ ಗಡ್ಡ ಮುಗಿಸಿದ. ಗುಮಾಸ್ತರು ಇಳಿದು ಹೋಗುವಾಗ ಹುಷಾರಿಲ್ವೇನಪ್ಪಾ ಎಂದು ಕೇಳಿಯೂ ಕೇಳಿದರು.

ಸೋಮವಾರ ಶಟರ್ ಎತ್ತುವಾಗಲೇ ಬಾಗಿಲಲ್ಲಿ ನಿಂತಿದ್ದರು ಆ ಅಜ್ಜ. ಎದೆಗಿಳಿದ ಬಿಳಿ ಗಡ್ಡ, ಕೆದರಿದ ಕೂದಲು, ಕೈಯಲ್ಲೊಂದು ಬಟ್ಟೆಯ ಚೀಲ. "ಎಲ್ಲಾ ತೆಗೆದುಬಿಡಪ್ಪಾ" ಎಂದಿದ್ದರು. ಅವನು ಆ ಮುಖಕ್ಕೆ ನೊರೆ ಹಚ್ಚಿ, ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ, ಅರ್ಧ ಗಂಟೆ ಎರಡು ಕೈಯಲ್ಲಿ ಆಡಿಸಿದ್ದ. "ಎರಡು ಸುಳಿ ಇದೆಯಲ್ಲ ಅಜ್ಜಾ, ಎರಡು ಮದುವೆ ಆಗಿರಬೇಕು!" ಎಂದು ತಮಾಷೆಯನ್ನೂ ಮಾಡಿದ್ದ. ಆಮೇಲೆ ಮೂರು ದಿನ ಆ ಮನೆಯವರ ಜಾತಕ ಜಾಲಾಡಿದ್ದ. ಮುಖ ನೋಡೋದೇ ಕಸುಬಂತೆ, ಮಣ್ಣಂಗಟ್ಟಿ!

ಹೆಂಡತಿ ಊಟದ ಡಬ್ಬಿ ಹಿಡಿದು ಬಂದಾಗ ಅವನು ಕಾಯುವವರ ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂರುತ್ತಿದ್ದ. ಎಲ್ಲ ಹೇಳಿದ. ಕಾಮೆಂಟಿನ ವಿಷಯವನ್ನೂ ಹೇಳಿದ.

"ಎಲ್ಲಿಗೆ ಹೋಗ್ತೀನಿ ಅಂದ್ರು?" ಎಂದಳು ಆಕೆ.

"ನೆನಪಿಲ್ಲ ಕಣೇ."

"ಹೇಗಿರುತ್ತೆ? ಬಾಯಿ ತೆಗೆಯೋಕೆ ಬಿಟ್ಟಿದ್ರೆ ತಾನೇ! ಮೂವತ್ತು ವರ್ಷದಲ್ಲಿ ನಾನು ಹೇಳಿದ್ದು ಒಂದಾದ್ರೂ ನೆನಪಿದೆಯಾ ನಿಮಗೆ?"

"ಈಗ ನಾನು ಹೋಗಿ ಹೇಳಿದ್ರೆ, ಕೊನೇಲಿ ನೋಡಿದೋನು ಇವನೇ, ಗಡ್ಡ ಬೋಳಿಸಿ ಗುರುತು ಸಿಗದ ಹಾಗೆ ಮಾಡಿದೋನೂ ಇವನೇ ಅಂತಾರೆ. ನನ್ನನ್ನ ಬಿಡ್ತಾರಾ?"

"ಬಿಡಲ್ಲ. ಆ ಹೆಂಗಸನ್ನ ಬಿಟ್ರಾ ನೀವು?" ಆಕೆ ಡಬ್ಬಿ ಕೆಳಗಿಟ್ಟಳು. "ನಾಲ್ಕನೇ ದಿನ ರೀ ಇವತ್ತು. ಮುದಿಜೀವ ಎಲ್ಲಿ ಬಿದ್ದಿದೆಯೋ. ನಿಮ್ಮ ಮಾನ ಆಮೇಲೆ ನೋಡ್ಕೊಳ್ಳೋಣ."

ರೇಡಿಯೋ ತಲೆ ಚಚ್ಚಿಕೊಂಡ. ಅವತ್ತು ತಾನು ಆಡಿದ್ದೆಲ್ಲ ಅಕ್ಷರಕ್ಷರ ನೆನಪಿತ್ತು: ನೀರು ಸರಿಯಾಗಿ ಬಿಡದ ನಲ್ಲಿ, ಮೊಂಡಾಗಿ ಬರುವ ಹೊಸ ಬ್ಲೇಡುಗಳು, ಷಡ್ಡಕನ ಸ್ಕೂಟರು. ಆ ಮೊದಲ ಮಾತು ಬಿಟ್ಟರೆ ಅಜ್ಜ ಆಡಿದ್ದು ಮಾತ್ರ ಒಂದು ಪದವೂ ಇಲ್ಲ. ಅಂಗಡಿ ಉದ್ದಕ್ಕೂ ಅಡ್ಡಾಡಿದ, ಕತ್ತರಿ ತೆಗೆದ, ಇಟ್ಟ, ಒರೆಸಿದ್ದ ಕನ್ನಡಿಯನ್ನು ಮತ್ತೆ ಒರೆಸಿದ. ಅವನನ್ನು ನೋಡಿ ನೋಡಿ ಹೆಂಡತಿಗೆ ರೇಗಿತು. ಶಟರ್ ಅರ್ಧ ಎಳೆದು, ತಾನೇ ದೊಡ್ಡ ಕುರ್ಚಿ ಹತ್ತಿ ಕೂತಳು.

"ನಿಮ್ಮ ತಲೆಗೆ ನೆನಪಿಲ್ದಿದ್ರೆ ಕೈಗಿರುತ್ತೆ. ಬನ್ನಿ, ನಾನೇ ಅಜ್ಜ. ಅವತ್ತು ಹೇಗೆ ಮಾಡಿದ್ರೋ ಹಾಗೇ ಮಾಡಿ."

"ಲೇ, ಹುಚ್ಚೇನೇ ನಿನಗೆ?"

"ಬಟ್ಟೆ ಹೊದಿಸಿ ಅಂದೆ."

ಹೊದಿಸಿದ. ಕತ್ತಿ ಮಡಚಿಟ್ಟು ಬಾಚಣಿಗೆಯ ಬೆನ್ನನ್ನೇ ಕತ್ತಿ ಮಾಡಿಕೊಂಡ. ಎಡಗೆನ್ನೆ, ನಲ್ಲಿಯ ಮಾತು. ಬಲಗೆನ್ನೆ, ಬ್ಲೇಡಿನ ಮಾತು. ಗಲ್ಲ, ಷಡ್ಡಕ. ಅಜ್ಜನ ದನಿ ಎಲ್ಲೂ ಇಲ್ಲ. ಕೊನೆಗೆ ಹೆಂಡತಿಯ ತಲೆ ಬಗ್ಗಿಸಿದ. ಎರಡು ಸುಳಿಯ ತಮಾಷೆ ಮಾಡಿದ್ದು ಇಲ್ಲಿಯೇ. ಆಮೇಲೆ ಉಸಿರು ಬಿಗಿಹಿಡಿದು, ಬಾಚಣಿಗೆಯನ್ನು ಅವಳ ಕತ್ತಿನ ಹಿಂದೆ ಇಟ್ಟ. ಫ್ಯಾನು ಕಿರುಗುಟ್ಟುತ್ತಿತ್ತು.

"ಒಂದೇ ಮದುವೆ ಕಣಪ್ಪಾ" ಎಂದಿದ್ದರು ಅಜ್ಜ, ತಲೆ ಬಗ್ಗಿಸಿಕೊಂಡೇ. "ಸೈರನ್ ಕೂಗೋ ಹೊತ್ತಿಗೆ ಹೆಂಗಸರ ಗೇಟಿನ ಹತ್ರ ಇರಬೇಕು. ಗಡ್ಡ ನೋಡಿದ್ರೆ ಬೈತಾಳೆ. ನಾನಿಲ್ದಿದ್ರೆ ಒಬ್ಬಳೇ ನಡ್ಕೊಂಡು ಬಂದ್ಬಿಡ್ತಾಳೆ."

ಬಾಚಣಿಗೆ ಕೈಯಿಂದ ಜಾರಿತು. "ಗಿರಣಿ!" ಎಂದ ರೇಡಿಯೋ. ಊರಲ್ಲಿ ಸೈರನ್ ಕೂಗುತ್ತಿದ್ದದ್ದು ರೈಲುಹಳಿಯಾಚೆಯ ನೂಲಿನ ಗಿರಣಿಯಲ್ಲಿ ಮಾತ್ರ. ಅದು ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿತ್ತು.

ಪೋಸ್ಟಿನಲ್ಲಿದ್ದ ನಂಬರಿಗೆ ಹೊಡೆದ. ಸ್ವಿಚ್ ಆಫ್. ಬೆದರಿಕೆಯ ಕರೆಗಳನ್ನು ತಾಳಲಾರದೆ ಮಗ ಅದನ್ನು ಆಫ್ ಮಾಡಿಟ್ಟಿದ್ದ. ಯಾರಿಂದ ಆಯಿತು ಇದು ಎಂದು ರೇಡಿಯೋನನ್ನು ಯಾರೂ ಕೇಳಬೇಕಿರಲಿಲ್ಲ. ಹೆಂಡತಿ ಪೊಲೀಸ್ ಸ್ಟೇಷನ್ನಿಗೆ ನಡೆದಳು. ಅವನು ಸ್ಕೂಟರ್ ಹತ್ತಿ ನೇರ ಗಿರಣಿಗೇ ಹೋಗಬಹುದಿತ್ತು. ಹೋಗಲಿಲ್ಲ. ಒಬ್ಬನೇ ಹೋಗಿ, ಕಾಣಬಾರದ್ದು ಕಂಡರೆ? ಪುಕ್ಕಲ, ಇನ್ನೇನು ಹೇಳೋಣ. ಟೈಲರಮ್ಮನ ಮನೆ ಹುಡುಕಿಕೊಂಡು ಹೋದ.

ಮನೆಯ ಮುಂದೆ ವ್ಯಾನ್ ಸುಮ್ಮನೆ ನಿಂತಿತ್ತು. ಮಕ್ಕಳನ್ನು ಅದರಲ್ಲಿ ಕಳಿಸುವುದನ್ನು ತಾಯಂದಿರು ಬುಧವಾರದಿಂದಲೇ ನಿಲ್ಲಿಸಿದ್ದರು. ಬಾಗಿಲಿನ ಮೇಲೆ ಇದ್ದಿಲಲ್ಲಿ "ಅಜ್ಜ ಎಲ್ಲಿ?" ಎಂದು ಬರೆದಿತ್ತು, ಒರೆಸಿದ್ದರೂ ಓದಲು ಬರುತ್ತಿತ್ತು. ಬಾಗಿಲು ತೆರೆದವಳು ಟೈಲರಮ್ಮನೇ. ಹಿಂದೆ ಗೂಟಗಳಲ್ಲಿ ಹೊಲಿದು ಮುಗಿಸಿದ ಬಟ್ಟೆಗಳು ಒಯ್ಯುವವರಿಲ್ಲದೆ ನೇತಾಡುತ್ತಿದ್ದವು. ಆಕೆ ಅವನ ಮುಖವನ್ನೊಮ್ಮೆ ದಿಟ್ಟಿಸಿದಳು.

"ಹೇಳಿ."

ಅಜ್ಜ ಅಂಗಡಿಗೆ ಬಂದದ್ದನ್ನು, ಅವರ ಮಾತನ್ನು ಹೇಳಿದ. ಕಾಮೆಂಟಿನ ವಿಷಯ ಎತ್ತಲಿಲ್ಲ.

"ತೀರಿಹೋದ ನಮ್ಮ ಅತ್ತೆ ಗಿರಣೀಲಿ ಇದ್ದದ್ದು ನಮ್ಮ ಯಜಮಾನರು ಹುಟ್ಟೋ ಮುಂಚೆಯಂತೆ. ನಮಗೆ ಹೊಳೀಲೇ ಇಲ್ಲ" ಎಂದಳು ಆಕೆ. ಪಕ್ಕದ ಮನೆಯವನ ಫೋನ್ ಹಿಡಿದು ಆಸ್ಪತ್ರೆ ಆಸ್ಪತ್ರೆ ಅಲೆಯುತ್ತಿದ್ದ ಗಂಡನಿಗೆ ಸುದ್ದಿ ಮುಟ್ಟಿಸಿ, ಕತ್ತಿನಲ್ಲಿದ್ದ ಅಳತೆಯ ಟೇಪನ್ನೂ ತೆಗೆಯದೆ ಸ್ಕೂಟರಿನ ಹಿಂದೆ ಕೂತಳು.

ಗಿರಣಿಯ ಮುಂದಿನ ಗೇಟಿಗೆ ಬೀಗ. ಹೆಂಗಸರ ಗೇಟು ಹಿಂದುಗಡೆ, ಮುಳ್ಳುಪೊದೆ ದಾಟಿ. ಅದರ ಪಕ್ಕದ ಕಾವಲುಗಾರನ ಗೂಡಿನಲ್ಲಿ, ಗೋಡೆಗೆ ಒರಗಿ ಅಜ್ಜ ಕೂತಿದ್ದರು. ಕಣ್ಣು ಮುಚ್ಚಿತ್ತು. ರೇಡಿಯೋ ಅಲ್ಲೇ ನಿಂತುಬಿಟ್ಟ. ಟೈಲರಮ್ಮ ನುಗ್ಗಿ ಹೋಗಿ ಮಂಡಿಯೂರಿ ಅವರ ಕೆನ್ನೆ ಮುಟ್ಟಿದಳು. ಕಣ್ಣು ತೆರೆಯಿತು.

"ಮಾವ, ಮನೆಗೆ ಹೋಗೋಣ."

"ಶಿಫ್ಟ್ ಬಿಟ್ಟಿಲ್ಲ ಇನ್ನೂ" ಎಂದರು ಅಜ್ಜ, ಒಣಗಿ ಒಡೆದ ತುಟಿಯಲ್ಲಿ.

"ಬಿಡ್ತು ಮಾವ. ಅತ್ತೆ ಆ ಕಡೆ ದಾರೀಲಿ ಮನೆಗೆ ಹೋದ್ರು. ನಿಮ್ಮನ್ನ ಕರ್ಕೊಂಡು ಬರೋಕೆ ನನ್ನನ್ನ ಕಳಿಸಿದ್ರು."

ಹೊರಗೆ ತೊಟ್ಟಿಕ್ಕುವ ನಲ್ಲಿಯೊಂದಿತ್ತು, ಅದರ ನೀರೇ ಅವರನ್ನು ಉಳಿಸಿತ್ತು. ಚೀಲದಲ್ಲಿ ಬ್ರೆಡ್ಡಿನ ಪೊಟ್ಟಣ ಒಡೆಯದೆ ಹಾಗೇ ಇತ್ತು. ಅದು ಅವಳಿಗೆ, ದಣಿದು ಬರ್ತಾಳೆ ಎಂದರು. ಟೈಲರಮ್ಮ ಆಗಲೂ ಅಳಲಿಲ್ಲ. ಮಾವನ ಅಂಗಿಯ ಗುಂಡಿ ಹಾಕಲು ಹೋದಳು. ಸೂಜಿಯ ಕಣ್ಣಿಗೆ ದಾರ ಹಾಕುವ ಬೆರಳುಗಳು ಆ ಒಂದು ಗುಂಡಿಗೆ ನಾಲ್ಕು ಸಲ ತಪ್ಪಿದವು. ರೇಡಿಯೋ ಅದನ್ನು ನೋಡಿದ.

ಪೊಲೀಸರು ಬಂದರು, ಆಂಬುಲೆನ್ಸ್ ಬಂತು, ಮಗ ಓಡಿ ಬಂದು ಅಪ್ಪನ ಪಾದ ಹಿಡಿದು ಕೂತ. ಆಂಬುಲೆನ್ಸ್ ಹತ್ತುವ ಮುಂಚೆ ಟೈಲರಮ್ಮ ರೇಡಿಯೋನ ಹತ್ತಿರ ಬಂದಳು.

"ಅಮ್ಮಾ, ಒಂದು ವಿಷಯ ಹೇಳಬೇಕಿತ್ತು" ಎಂದು ಅವನು ಬಾಯಿ ತೆಗೆದ.

"ಬಾಗಿಲು ತೆಗೆದಾಗಲೇ ಗೊತ್ತಾಯ್ತು. ಅಂಗಡಿ ಮುಂದೆ ನಿಂತ ಫೋಟೋ ಹಾಕ್ಕೊಂಡಿದ್ದೀರಲ್ಲ, ನಿಮ್ಮ ಹೆಸರಿನ ಪಕ್ಕ. ಎರಡು ದಿನದಿಂದ ಅದನ್ನೇ ನೋಡ್ತಾ ಕೂತಿದ್ದೆ. ಆ ಮುಖ ಮರೆಯೋಕಾಗುತ್ತಾ?"

ರೇಡಿಯೋ ಜೇಬಿನಿಂದ ಫೋನ್ ತೆಗೆದ.

"ಅಳಿಸಿಬಿಡ್ತೀನಮ್ಮಾ, ಈಗಲೇ" ಎಂದ.

"ಬೇಡ. ಅಳಿಸಿದ್ರೆ ನೀವು ಬಚಾವು. ಓದಿದೋರು ಓದಿ ಆಯ್ತು. ಅದರ ಕೆಳಗೇ ಬರೀರಿ, ಮಾವ ಯಾರ ಅಂಗಡಿ ಕುರ್ಚಿಯಿಂದ ಎದ್ದು ಹೋಗಿದ್ರು, ಯಾಕೆ ನಾಲ್ಕು ದಿನ ಆಯ್ತು ಅಂತ. ನಿಮ್ಮ ಹೆಸರಲ್ಲೇ."

ಅವನು ಅಲ್ಲೇ ಮುಳ್ಳುಪೊದೆಯ ಪಕ್ಕ ನಿಂತು ಬರೆದ. ಒಂದೂ ಬಿಡದೆ ಬರೆದ.

ವಾರ ಕಳೆಯಿತು. ಈಗ ಅವನು ಗಿರಾಕಿಗೊಮ್ಮೆ ಫೋನ್ ನೋಡುತ್ತಾನೆ. ಕೆಳಗೆ ಬರೆದದ್ದಕ್ಕೆ ಒಂಬತ್ತು ಲೈಕು, ಅದರಲ್ಲೊಂದು ಹೆಂಡತಿಯದು. ಮೇಲಿನದಕ್ಕೆ ಮೂರು ಸಾವಿರ ದಾಟಿದೆ, ಇನ್ನೂ ಏರುತ್ತಲೇ ಇದೆ. ರಾತ್ರಿ ನಿದ್ದೆಯಿಲ್ಲ, ಹಗಲು ಕೂತಲ್ಲಿ ಕೂರಲಾಗುತ್ತಿಲ್ಲ.

ಮೊನ್ನೆ ಗುಮಾಸ್ತರು ಬಂದು ಕುರ್ಚಿಯಲ್ಲಿ ಕೂತರು. "ಏನಾಯ್ತಯ್ಯಾ ಆ ಸೊಸೆ ಕೇಸು?" ಎಂದು ಕೇಳಿದರು. ರೇಡಿಯೋ ಮೊದಲಿಂದ ಕೊನೆಯವರೆಗೆ ಹೇಳಿದ. ಗುಮಾಸ್ತರು ಕನ್ನಡಿಯಲ್ಲಿ ಅವನನ್ನೇ ನೋಡುತ್ತ ಕೇಳಿದರು.

"ಹೌದಾ? ಸಿಕ್ಕಿದ್ದು ಒಳ್ಳೇದಾಯ್ತು. ಆದ್ರೂ ರೇಡಿಯೋ, ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಹೇಳು?"

"ಬೆಂಕಿ ಇಟ್ಟೋನು ನಾನೇ ಸಾರ್" ಎಂದ ಅವನು.

ಗುಮಾಸ್ತರು ನಕ್ಕರು, ತಮಾಷೆ ಎಂದುಕೊಂಡರು. ರೇಡಿಯೋ ಅವರ ತಲೆಯನ್ನು ಮೆಲ್ಲಗೆ ಬಗ್ಗಿಸಿ, ಕತ್ತಿಯನ್ನು ಕತ್ತಿನ ಹಿಂದೆ ಇಟ್ಟು, ಅವರು ಇನ್ನೇನು ಹೇಳುತ್ತಾರೋ ಎಂದು ಕಾದ.