ಮುಖ ತೋರಿಸದ ದೆವ್ವ

ದೆವ್ವದ ಪಾರ್ಟು ಸಿಕ್ಕಿತೆಂದು ಕುಣಿದಾಡಿದ ಹುಡುಗಿ ಕೊತ್ತತ್ತಿ ಸುತ್ತಮುತ್ತ ನಾನೊಬ್ಬಳೇ ಇರಬೇಕು. ಎಪ್ಪತ್ತರ ದಶಕದ ಕೊನೆ, ಭಾರತೀನಗರದ ಕಾಲೇಜಿನಲ್ಲಿ ಓದುತ್ತಿದ್ದೆ. ಕಾಲೇಜು ನಾಟಕದಲ್ಲಿ ನಾನು ಕಿರುಚಿದ್ದನ್ನು ಕೇಳಿದ ಯಾರೋ ಪುಣ್ಯಾತ್ಮರು, ಮಳವಳ್ಳಿ ಕಡೆ ದೆವ್ವದ ಸಿನಿಮಾ ತೆಗೆಯಲು ಬಂದಿದ್ದವರಿಗೆ ನನ್ನ ವಿಷಯ ಹೇಳಿದ್ದರು. ಸಿನಿಮಾ! ಅಷ್ಟು ದೊಡ್ಡ ಪರದೆ ಮೇಲೆ ನನ್ನ ಮುಖ! ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಅವ್ವ ಮಾತ್ರ ಕೆಂಡವಾದಳು. "ಬಣ್ಣ ಬಳ್ಕಂಡು ಕುಣಿಯಾಕೋಯ್ತೀಯೇನೇ? ಈ ಒಸ್ಲು ದಾಟಿದ್ರೆ ನೀನು ನನ್ ಮಗ್ಳೇ ಅಲ್ಲ, ತಿಳ್ಕೊ."

"ಓಗ್ಲಿ ಬುಡಮ್ಮಿ, ಮಗ ಆಸೆ ಪಡ್ತದೆ" ಎಂದು ಅಪ್ಪನೇ ನನ್ನನ್ನು ಕರೆದುಕೊಂಡು ಹೊರಟ. ಇತ್ತ ಅವ್ವ, ಮಗಳು ನಿಡಘಟ್ಟದ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಎಂದು ಬೀದಿಗೆಲ್ಲ ಸಾರಿದಳು. ನಾನೇನು ಕಡಿಮೆ ಮೊಂಡಿಯೇ? ಪರದೆ ಮೇಲೆ ನನ್ನ ಮುಖ ಬರಲಿ, ಆಗ ಹೇಗೆ ಮುಚ್ಚಿಡುತ್ತಾಳೋ ನೋಡೇಬಿಡೋಣ ಎಂದುಕೊಂಡೆ.

ಶೂಟಿಂಗ್ ನಡೆದದ್ದು ಒಂದು ಪಾಳು ಮಂಟಪದಲ್ಲಿ. ಅಪ್ಪ ನನ್ನನ್ನು ಅಲ್ಲಿಗೆ ಮುಟ್ಟಿಸಿ, ಸಂಜೆ ಬರುತ್ತೇನೆಂದು ಹೋದ. ಇದ್ದದ್ದು ಒಂದೇ ಕ್ಯಾಮೆರಾ, ಬೆಳ್ಳಿ ಕಾಗದ ಅಂಟಿಸಿದ ಹಲಗೆಗಳು, ಸಾಲದ್ದಕ್ಕೆ ಮಟಮಟ ಮಧ್ಯಾಹ್ನದ ಬಿಸಿಲು. "ಪರದೆ ಮೇಲೆ ಇದೇ ಅಮಾವಾಸ್ಯೆ ರಾತ್ರಿ ಆಗುತ್ತಮ್ಮ" ಎನ್ನುತ್ತಿದ್ದರು ಡೈರೆಕ್ಟರು. ನನ್ನ ಮುಖಕ್ಕೆ ಬಣ್ಣ ಹಚ್ಚಿದವರೂ ಅವರೇ, ಮಧ್ಯಾಹ್ನ ಎಲ್ಲರಿಗೂ ಚಿತ್ರಾನ್ನ ಬಡಿಸಿದವರೂ ಅವರೇ.

ದೆವ್ವ ಮೆಟ್ಟಿಕೊಂಡ ನನ್ನನ್ನು ಬಡಿಯಬೇಕಿದ್ದ ಮಾಂತ್ರಿಕನ ಪಾರ್ಟಿನವನು ಬರಲೇ ಇಲ್ಲ. ಡೈರೆಕ್ಟರು ಕಾದೂ ಕಾದೂ ಸಾಕಾಗಿ, ಪಕ್ಕದ ಹಳ್ಳಿಯಲ್ಲಿ ನಿಜವಾಗಿಯೂ ದೆವ್ವ ಬಿಡಿಸುತ್ತಿದ್ದ ಒಬ್ಬ ತಾತನನ್ನು ಕರೆಸಿಬಿಟ್ಟರು. "ನಟಿಸೋದೇನೂ ಬೇಡ ತಾತ, ದಿನಾ ಮಾಡೋದನ್ನೇ ಮಾಡಿ" ಎಂದು ಬೇರೆ ಹೇಳಿದರು. ಕೆಟ್ಟದ್ದೇ ಅಲ್ಲಿ.

ತಾತ ಮೊದಲು ಮಾಡಿದ ಕೆಲಸವೆಂದರೆ ನನ್ನ ಜಡೆ ಬಿಚ್ಚಿ, ಕೂದಲನ್ನೆಲ್ಲ ಮುಖದ ಮೇಲೆ ಎಳೆದದ್ದು. "ದೆವ್ವ ಮೊಕ ತೋರ್ಸಾಕಿಲ್ಲ" ಎಂದ. ನಾನು ಹಿಂದಕ್ಕೆ ತಳ್ಳಿಕೊಂಡೆ. ಅವನು ಮತ್ತೆ ಎಳೆದ. ನನ್ನ ಪಿತ್ತ ನೆತ್ತಿಗೇರಿತು. "ತಾತ, ನನ್ನ ಮುಖ ಕಾಣ್ಬೇಕು!" ಎಂದು ಅರಚಿದೆ.

ತಾತ ಡೈರೆಕ್ಟರ ಕಡೆ ತಿರುಗಿ ತಣ್ಣಗೆ ಹೇಳಿದ: "ನೋಡಿ ಸ್ವಾಮಿ, ಆಗ್ಲೇ ಒಳಗಿಂದ ಮಾತಾಡ್ತಾ ಅದೆ."

ಕ್ಯಾಮೆರಾ ಓಡತೊಡಗಿತು. ಬೇವಿನ ಬರಲಿನಿಂದ ಚಟೀರ್ ಎಂದು ಬಿತ್ತು ನೋಡಿ ಏಟು, ಅಬ್ಬಬ್ಬಾ! "ಯಾರ್ ನೀನು? ಯಾವೂರು? ಬುಟ್ಟೋಯ್ತೀಯೋ ಇಲ್ವೋ?" ನಾನು "ಅಯ್ಯೋ, ಮುಖ, ನನ್ನ ಮುಖ" ಎಂದಷ್ಟೂ ದೆವ್ವ ಹಟ ಮಾಡುತ್ತಿದೆಯೆಂದು ಅವನು ಬಾರಿಸುತ್ತ ಹೋದ. ಡೈರೆಕ್ಟರು ಆನಂದದಿಂದ ಕುಣಿಯುತ್ತಿದ್ದರು. ಕೊನೆಗೆ ತಾತ ನಿಂಬೆಹಣ್ಣು ನಿವಾಳಿಸಿ ತುಳಿದು, "ಓಯ್ತು, ಏಳವ್ವ" ಎಂದು ನನ್ನ ತಲೆ ಸವರಿದ. ಇನ್ನೊಂದು ಸಲ ತೆಗೆಯಿರಿ ಎಂದು ಗೋಗರೆದೆ. ತೆಗೆಯಲು ರೀಲೇ ಉಳಿದಿರಲಿಲ್ಲ.

ಸಿನಿಮಾ ನಮ್ಮೂರ ಹತ್ತಿರದ ಟೆಂಟಿಗೆ ಬಂದಾಗ ಬೀದಿಗೆ ಬೀದಿಯೇ ಹೊರಟಿತು. ತಾನೊಬ್ಬಳೇ ಉಳಿದರೆ ಜನ ಏನೆಂದುಕೊಂಡಾರೋ ಎಂದು ಅವ್ವನೂ ಬಂದಳು. ಹೆಂಗಸರ ಕಡೆ ಮರಳಿನ ಮೇಲೆ ನಾವಿಬ್ಬರೂ ಪಕ್ಕಪಕ್ಕ ಕೂತೆವು. ಎಲ್ಲೋ ಒಂದು ಕ್ಷಣವಾದರೂ ಮುಖ ಕಂಡಿರಬಾರದೇ?

ಇಲ್ಲ. ಬರೀ ಕೂದಲು! ದನಿಯೂ ನನ್ನದಲ್ಲ, ಬೆಂಗಳೂರಿನ ಯಾವಳೋ ಕಿರುಚಿದ್ದಳು. ಅದು ನಾನು ಎಂದು ಗೋಳಾಡಿದರೂ ಯಾರು ನಂಬುತ್ತಾರೆ? ಓರೆಗಣ್ಣಿನಲ್ಲಿ ಅವ್ವನನ್ನು ನೋಡಿದೆ. ಗುಟ್ಟು ಉಳಿಯಿತೆಂದು ನೆಮ್ಮದಿಯಾಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅಳು ಒತ್ತರಿಸಿ ಬಂತು.

ಅಷ್ಟರಲ್ಲಿ ಪರದೆ ಮೇಲೆ ಏಟುಗಳು ಶುರುವಾದವು. ಮಕ್ಕಳು ಚೀರಿದವು, ಹೆಂಗಸರು ತಾಳಿ ಕಣ್ಣಿಗೊತ್ತಿಕೊಂಡರು, ಯಾರೋ ಕರ್ಪೂರ ಹಚ್ಚೇಬಿಟ್ಟರು. ಹಿಂದಿನಿಂದ ಒಬ್ಬಳು, "ಯಾರೆತ್ತ ಮಗ್ಳೋ ಪಾಪ, ಇಂಗ್ ಬಡೀತಾವ್ನಲ್ಲ" ಎಂದಳು.

ಅವ್ವ ದಢಕ್ಕನೆ ಎದ್ದು ನಿಂತಳು. ಎಲೆಯಡಿಕೆ ಮಡಿಲಿನಿಂದ ಚೆಲ್ಲಿಹೋಯಿತು. "ಲೇ ಮುದಿಯಾ, ನಿಲ್ಸೋ! ನಾನೆತ್ತ ಮಗ್ಳು ಕಣೋ ಅದು!"

ಇಡೀ ಟೆಂಟು ಇತ್ತ ತಿರುಗಿತು. ನಾನು ಅವಳ ಸೆರಗು ಜಗ್ಗಿ, "ಅವ್ವಾ, ನಾನಿಲ್ಲೇ ಇದೀನಿ ಕಣವ್ವ" ಎಂದೆ. ಅವಳಿಗೆ ಕೇಳಿಸಲೇ ಇಲ್ಲ. ಸೆರಗು ಬಿಡಿಸಿಕೊಂಡು, ನನ್ನನ್ನು ಬಿಡಿಸಿಕೊಳ್ಳಲು ಪರದೆಯ ಕಡೆ ನಡೆದೇಬಿಟ್ಟಳು.