ಖಾಲಿ ಚೌಕದಲ್ಲಿ ಅಕ್ಕನ ಮಾತು

ಅವರ ಮೇಲ್ದುಟಿಯ ಬಲಬದಿಯಲ್ಲಿ ಭತ್ತದ ಕಾಳಿನಷ್ಟು ಉದ್ದದ ಗಾಯದ ಕಲೆಯಿತ್ತು. ಟೈಪು ಮಾಡುವಾಗ ಅವರು ಪ್ರತಿಯೊಂದು ಪದವನ್ನೂ ಸದ್ದಿಲ್ಲದೆ ಬಾಯೊಳಗೇ ಆಡಿಕೊಳ್ಳುತ್ತಿದ್ದರು. ಆಗ ತುಟಿಯೆಲ್ಲ ಅಲುಗುತ್ತಿದ್ದರೂ ಕಲೆಯಿದ್ದ ಜಾಗ ಮಾತ್ರ ಬಿಗಿದುಕೊಂಡು ನಿಲ್ಲುತ್ತಿತ್ತು. ಎದುರಿನ ಕುರ್ಚಿಯಲ್ಲಿ ಕುಳಿತು ನಾನು ಅದನ್ನು ಎಷ್ಟೋ ಮಧ್ಯಾಹ್ನ ನೋಡಿದ್ದೇನೆ.

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ಜಾಲತಾಣಗಳನ್ನು ಕಟ್ಟಿಕೊಡುತ್ತಿದ್ದರು. ಅಲ್ಲಿಯೇ ಚಾಪೆ ಹಾಸಿ ಮಲಗುತ್ತಿದ್ದರು. ಊರಿನವರ ಬಾಯಲ್ಲಿ ಅವರು ಬರಿಯ ‘ವೆಬ್‌ಸೈಟಿನವರು’. ಪಟ್ಟಣದ ರೇಷ್ಮೆ ಸೀರೆಯ ಅಂಗಡಿಗಳು, ಯಳಂದೂರಿನ ಅಕ್ಕಿ ಗಿರಣಿ, ಸತ್ತೇಗಾಲದಲ್ಲಿ ತೆಂಗಿನ ಸಸಿ ಮಾರುವವರು, ಎಲ್ಲರೂ ಆ ಮೆಟ್ಟಿಲು ಹತ್ತಿದವರೇ.

ನಾನು ಹತ್ತಿದ್ದು ದೂರು ಹೇಳಲು. ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಕನ್ನಡ ಮಾಧ್ಯಮದ ವಿಭಾಗ ಮುಚ್ಚಿದ ಮೇಲೆ ಮನೆಯಲ್ಲಿ ಕುಳಿತಿದ್ದೆ. ಅಲ್ಲಿ ಮಾತಿಗೆ ಮತ್ತೊಬ್ಬರಿರಲಿಲ್ಲ, ತಿದ್ದುವುದಕ್ಕೆ ಒಂದು ಉತ್ತರಪತ್ರಿಕೆಯೂ ಇರಲಿಲ್ಲ. ಅವರು ಕಟ್ಟಿದ ಒಂದು ತಾಣದ ಬರಹ ನನ್ನ ಕಣ್ಣಿಗೆ ಬಿದ್ದಿತು. ದೋಷಗಳನ್ನು ಗುರುತು ಹಾಕಿಕೊಂಡು ನೇರವಾಗಿ ಹೋದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕುರ್ಚಿಯ ಮೇಲಿದ್ದ ತಂತಿಗಳನ್ನು ಎತ್ತಿಟ್ಟರು.

“ಕುಂತ್ಕಳಿ ಸಾ. ತಪ್ಪು ತೋರ್ಸಕೆ ಅಂತ ಈ ಮೆಟ್ಲು ಅತ್ದೋರು ನೀವೇ ಮೊದ್ಲು. ನಾಳಿಂದ ಬರೆಯದೂ ನೀವೇ.”

ಹೀಗೆ ನನಗೊಂದು ಕುರ್ಚಿ ದೊರಕಿತು. ಅವರು ತಾಣದ ಚೌಕಟ್ಟನ್ನು ಒಮ್ಮೆ ಕಟ್ಟುವರು. ಅನಂತರ ಮಾಲೀಕರೇ ಗುಪ್ತಪದ ಬಳಸಿ ಒಳಹೊಕ್ಕು, ಬರಹವನ್ನೂ ಚಿತ್ರವನ್ನೂ ಬೇಕಾದಂತೆ ಬದಲಿಸಿಕೊಳ್ಳಬಹುದು. ನಾನು ಅದನ್ನು ‘ವಿಷಯ ನಿರ್ವಹಣಾ ವ್ಯವಸ್ಥೆ’ ಎಂದರೆ, “ಅಷ್ಟುದ್ದ ಏಳೋ ಒತ್ಗೆ ಸೈಟೇ ಮುಗ್ದೋಯ್ತದೆ, ಸಿಎಂಎಸ್ ಅನ್ನಿ ಸಾ” ಎನ್ನುವರು. ‘ಪ್ರಕಟಿಸು’ ಎಂಬ ಗುಂಡಿಯನ್ನು ಅವರು ಎಂದೂ ತಾವಾಗಿ ಒತ್ತಿದವರಲ್ಲ. “ಮನೆ ಅವ್ರುದು, ಬಾಗ್ಲು ಅವ್ರೇ ತೆಗೀಬೇಕು” ಎನ್ನುವುದು ಅವರ ಕಟ್ಟಳೆ.

ನನ್ನ ಬರಹ ಸಿದ್ಧವಾಗುವವರೆಗೆ ಪುಟದ ಚೌಕಗಳು ಖಾಲಿಯಿರಬಾರದು. ಅಕ್ಷರಗಳು ಹೇಗೆ ಕೂರುತ್ತವೆಂದು ತಿಳಿಯಲು ಏನನ್ನಾದರೂ ತುಂಬಬೇಕು. ಬೇರೆಯವರು ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು ತುಂಬುತ್ತಾರೆ. ಇವರು ತಮ್ಮ ಅಕ್ಕನ ಮಾತುಗಳನ್ನು ತುಂಬುತ್ತಿದ್ದರು. ‘ಯಾಕ್ಲಾ ಮೂತಿ ಊದುಸ್ಕಂಡಿದ್ದೀಯೆ? ಇಟ್ಟು ಆರೋಯ್ತದೆ, ಉಣ್ಣು ಬಾ. ಉಣ್ಸೇಮರ ಅತ್ಬ್ಯಾಡ ಅಂದ್ರೆ ಕೇಳ್ದ್ಯಾ? ತುಟಿ ಸೀಳ್ಕಂಡ್ಯಲ್ಲ, ಬಾ ಇಲ್ಲಿ, ಅರಿಸ್ನ ಇಕ್ತೀನಿ.’ ಪ್ರತಿ ತಾಣದಲ್ಲಿಯೂ ಇವೇ ಸಾಲುಗಳು. ಅವುಗಳನ್ನು ಅಳಿಸಿ ಶಿಷ್ಟಗನ್ನಡವನ್ನು ಕೂರಿಸುವುದು ನನ್ನ ಕೆಲಸ.

ತಾಯಿಯಿಲ್ಲದ ಅವರನ್ನು ಸಾಕಿದವರು ಅಕ್ಕ. ಹನೂರಿನಾಚೆ, ಕಾಡಿನಂಚಿನ ಹಳ್ಳಿಯಲ್ಲಿ ಅಕ್ಕನ ಮನೆ. ಆಕೆ ಹೆಣ್ಣು ನೋಡಿ, ಮಾತು ಕೊಟ್ಟು, ವೀಳ್ಯಶಾಸ್ತ್ರಕ್ಕೆ ನೆಂಟರನ್ನೆಲ್ಲ ಕೂಡಿಸಿದ್ದ ಬೆಳಿಗ್ಗೆ ಇವರು ಯಾರಿಗೂ ಹೇಳದೆ ಕೊಳ್ಳೇಗಾಲದ ಬಸ್ಸು ಹತ್ತಿಬಿಟ್ಟಿದ್ದರು. “ಬ್ಯಾಡ ಅಂತ ಅವ್ಳ ಮಕ ನೋಡ್ಕಂಡು ಏಳಕಾಗ್ನಿಲ್ಲ ಸಾ.” ಮತ್ತೆ ತನ್ನ ಹೊಸ್ತಿಲು ತುಳಿಯಬಾರದೆಂದು ಅಕ್ಕ ಹೇಳಿ ಕಳುಹಿಸಿದರು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಇವರು ಮದುವೆಯಾಗಲೂ ಇಲ್ಲ. ಹನೂರಿನ ಕಡೆಯವರು ಯಾರೇ ಬರಲಿ, ಕೆಲಸದ ಮಾತೆಲ್ಲ ಮುಗಿದ ಮೇಲೆ, ಆ ಹಳ್ಳಿಯಲ್ಲಿ ಮಳೆಯಾಯಿತೇ ಎಂದು ಕೇಳುವರು. ಅಕ್ಕನ ಹೆಸರೆತ್ತುತ್ತಿರಲಿಲ್ಲ.

ಹನೂರಿನ ರಾಗಿ ಬೆಳೆಗಾರರ ಸಂಘವೊಂದಕ್ಕೆ ತಾಣ ಕಟ್ಟುತ್ತಿದ್ದಾಗ ನಡೆದದ್ದಿದು. ಸಂಘದ ಕಾರ್ಯದರ್ಶಿಗೆ ಗುಪ್ತಪದ ಕೊಟ್ಟಾಗಿತ್ತು. ನನ್ನ ಬರಹವಿನ್ನೂ ಸೇರಿರಲಿಲ್ಲ. ಬೆಳಿಗ್ಗೆಯೇ ಆತನ ಫೋನು ಬಂದಿತು.

“ಒಳ್ಳೇ ಗಳುಗೆ ಅಂತ ಐನೋರು ಏಳುದ್ರು ಸಾ, ಗುಂಡಿ ಒತ್ಬುಟ್ಟೆ. ಈಗ್ ನೋಡುದ್ರೆ ‘ನಮ್ಮ ಬಗ್ಗೆ’ ಅನ್ನೋ ಪುಟ ಬಂದೋರ್ನೆಲ್ಲಾ ಮುದ್ದೆ ಉಣ್ಣಕೆ ಕರೀತಾ ಅದೆ. ನಮ್ ಅಧ್ಯಕ್ಷರಿಗೆ ‘ಯಾಕ್ಲಾ’ ಅಂತದೆ. ಊರೆಲ್ಲಾ ಮೊಬೈಲ್ನಲ್ಲಿ ಓದ್ಕಂಡು ನಗ್ತಾವ್ರೆ.”

ನಾನು ತಿದ್ದಲು ಕೈ ಚಾಚಿದೆ. ವೆಬ್‌ಸೈಟಿನವರು ನನ್ನ ಮಣಿಕಟ್ಟನ್ನು ಹಿಡಿದುಕೊಂಡರು.

“ಇವತ್ತೊಂದಿನ ಬುಡಿ ಸಾ. ಊರೆಲ್ಲಾ ಓದ್ತಾವ್ರೆ ಅಂದ್ರೆ, ಅವ್ಳ ಕಿವಿಗೂ ಬಿದ್ದಾತು.”

ಸಂಜೆಯವರೆಗೆ ಅವರು ಏನನ್ನೂ ಮಾಡಲಿಲ್ಲ. ಕೆಳಗಡೆ ಹೊಲಿಗೆಯಂತ್ರ ನಿಂತಾಗಲೆಲ್ಲ ಫೋನಿನತ್ತ ನೋಡುವರು. ಕಡೆಗೆ ಅದು ಹೊಡೆದುಕೊಂಡಾಗ ಫೋನನ್ನು ಮೇಜಿನ ಮೇಲಿಟ್ಟೇ ಸ್ಪೀಕರ್ ಒತ್ತಿದರು.

“ಏನ್ಲಾ, ನನ್ ಮಾತ್ನೆಲ್ಲಾ ಊರ್ ಮುಂದಕ್ಕೆ ಆಕಿದ್ದೀಯಂತೆ. ಪಕ್ಕದ್ ಮನೆ ಉಡ್ಗಿ ಓದುದ್ಲು.”

“ತಪ್ಪಾಯ್ತು ಕಣಕ್ಕ.”

ಆ ಕಡೆಯಲ್ಲಿ ಮೇಕೆಯೊಂದು ಕೂಗಿತು.

“ಅರಿಸ್ನ ಅಲ್ಲ ಕಣ್ಲಾ ಆವತ್ತು ಇಕ್ಕಿದ್ದು. ಕಾಪಿಪುಡಿ. ಮನೇಲಿ ಅರಿಸ್ನ ಎಲ್ಲಿತ್ತು?”

ಫೋನು ನಿಂತಿತು. ಅವರು ತುಟಿಯ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಅನಂತರ ನನ್ನ ಬರಹವನ್ನು ಸಂಘದ ತಾಣಕ್ಕೆ ತಾವೇ ಸೇರಿಸಿದರು.

“ನಾಳೆಯೇ ಹೊರಡಿ” ಎಂದೆ ನಾನು.

“ಬಾ ಅನ್ನಿಲ್ವಲ್ಲ ಸಾ. ಅನ್ಲಿ, ಓಯ್ತೀನಿ.”

ಅವರು ಕಾದರು. ಹೊಸದೊಂದು ಅಂಗಿ ಹೊಲಿಸಿ, ಗೋಡೆಯ ಮೊಳೆಗೆ ನೇತುಹಾಕಿದ್ದರು. ಅದನ್ನು ತೊಡಲೇ ಇಲ್ಲ. ಆ ವರ್ಷದ ಮಳೆಗಾಲ ಕಳೆದ ಮೇಲೊಂದು ಬೆಳಿಗ್ಗೆ ಟೈಲರ್ ಬಾಗಿಲು ತಟ್ಟಿದಾಗ ಅವರು ಏಳಲಿಲ್ಲ. ನಿದ್ದೆಯಲ್ಲಿಯೇ ಹೃದಯ ನಿಂತಿತ್ತು. ನೆಂಟರು ಬಂದು ಊರಿಗೆ ಒಯ್ದರು. ನಾನೂ ಜೊತೆಗೆ ಹೋದೆ. ಅಕ್ಕನ ಹೊಸ್ತಿಲಿನ ಮುಂದೆಯೇ ಅವರನ್ನು ಮಲಗಿಸಿದರು. ಹೊಸ ಅಂಗಿಯನ್ನು ಟೈಲರ್ ತೊಡಿಸಿದ್ದ.

ತಿಥಿ ಮುಗಿದ ಮೇಲೆ ಅಕ್ಕ ಕೊಳ್ಳೇಗಾಲಕ್ಕೆ ಬಂದರು. ಸೆರಗಿನಿಂದ ಬೆವರೊರೆಸಿಕೊಂಡು ತಮ್ಮನ ಕುರ್ಚಿಯನ್ನು ನೋಡಿದರು. ಅದರಲ್ಲಿ ಕೂರದೆ ನೆಲದ ಮೇಲೆ ಕುಳಿತರು.

“ನನ್ ಮಾತ್ ಬರ್ದಿರೋದು ಎಲ್ಲದೆ, ಓದಿ ಸಾ. ನಂಗೆ ಅಕ್ಸರ ಬರಾಕಿಲ್ಲ.”

ಹೊಸ ತಾಣಗಳಿಗೆಲ್ಲ ಮಾದರಿಯಾಗಿ ಅವರು ಇಟ್ಟುಕೊಂಡಿದ್ದ ಪುಟವನ್ನು ತೆರೆದೆ. ಸಾವಿರಾರು ಪಾಠಗಳನ್ನು ಓದಿದ ನನ್ನ ಬಾಯಲ್ಲಿ ಆ ಆಡುಮಾತು ಹೊರಳಲಿಲ್ಲ, ತಡವರಿಸುತ್ತ ಓದಿದೆ. ‘ತುಟಿ ಸೀಳ್ಕಂಡ್ಯಲ್ಲ, ಬಾ ಇಲ್ಲಿ, ಕಾಪಿಪುಡಿ ಇಕ್ತೀನಿ.’

“ತಿದ್ದವ್ನೆ” ಎಂದರು ಅಕ್ಕ.

ಅವರು ನಿಮ್ಮ ಕರೆಗಾಗಿ ಕಾದಿದ್ದರೆಂದು ಹೇಳಿದೆ. ಆಕೆ ಪರದೆಯನ್ನೇ ನೋಡುತ್ತ ಕುಳಿತರು.

“ಇದ್ರಲ್ಲಿ ಎಷ್ಟ್ ಕಿತ ಬಾ ಬಾ ಅಂದಿವ್ನಿ. ಇನ್ನೊಂದ್ ಕಿತ ಬಾಯ್ಬುಟ್ಟು ಏಳ್ಬೇಕಿತ್ತಾ ನಾನು?”

ಹನೂರಿನ ಬಸ್ಸಿಗೆ ಆಕೆಯನ್ನು ಹತ್ತಿಸಿ ಬಂದೆ.

ಈಗ ಆ ಕೋಣೆಯಲ್ಲಿ ನಾನೊಬ್ಬನೇ. ಅವರು ಕಲಿಸಿದಷ್ಟು ವಿದ್ಯೆಯಿಂದ ಹಳೆಯ ತಾಣಗಳನ್ನು ನೋಡಿಕೊಳ್ಳುತ್ತೇನೆ, ಆಗೀಗ ಹೊಸತೊಂದನ್ನು ಕಟ್ಟುತ್ತೇನೆ. ಮಾದರಿ ಪುಟದ ಒಂದಕ್ಷರವನ್ನೂ ನಾನು ತಿದ್ದಿಲ್ಲ. ಹೊತ್ತು ನೆತ್ತಿಗೆ ಬಂದು, ಕೆಳಗಿನ ಹೊಲಿಗೆಯಂತ್ರವೂ ನಿಂತಾಗ ಅದನ್ನು ತೆರೆಯುತ್ತೇನೆ. ‘ಇಟ್ಟು ಆರೋಯ್ತದೆ, ಉಣ್ಣು ಬಾ’ ಎಂಬ ಸಾಲನ್ನು ಸದ್ದಿಲ್ಲದೆ ಬಾಯೊಳಗೇ ಆಡಿಕೊಂಡು, ಬುತ್ತಿಯ ಡಬ್ಬಿ ಬಿಚ್ಚುತ್ತೇನೆ. ನನ್ನನ್ನು ಊಟಕ್ಕೆ ಕರೆಯುವವರು ಬೇರೆ ಯಾರೂ ಇಲ್ಲ.