ಸುಮಿತ್ರಾಬಾಯಿ ಕೊಟ್ಟ ರಿಯಾಯಿತಿ

ಸಿಂದಗಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ಸುಮಿತ್ರಾಬಾಯಿ ಯಾರನ್ನೂ ನೋಯಿಸಿದವಳಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಊರು ಹೇಳಿದ್ದನ್ನು ಆಕೆಯೂ ನಂಬಿಬಿಟ್ಟಿದ್ದಳು, ಎಡವಟ್ಟಾದದ್ದು ಅಲ್ಲೇ. ಮನಗೂಳಿಯ ದೊಡ್ಡ ಮನೆತನದ ಮಗಳು, ಮಕ್ಕಳಿಲ್ಲದ ವಿಧವೆ. ಹುಡುಗಿಯರ ಹಾಸ್ಟೆಲ್ಲಿನ ಉಸ್ತುವಾರಿಯನ್ನು ತಾನಾಗಿ ಕೇಳಿ ಪಡೆದಿದ್ದಳು. ಯಾರಿಗೆ ಜ್ವರ ಬಂದರೂ ಗಂಜಿ ಆಕೆಯ ಮನೆಯಿಂದಲೇ ಹೋಗುತ್ತಿತ್ತು. ಜಗಳ ಎಂದರೆ ಮಾತ್ರ ಮಾರು ದೂರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ.

ಆ ಹಾಸ್ಟೆಲ್ಲಿನಲ್ಲಿ ಒಂದು ಪದ್ಧತಿ ಇತ್ತು. ರೊಟ್ಟಿ ಬಡಿಯುವುದು ಅಡುಗೆಯ ಸಿದ್ದವ್ವನ ಕೆಲಸ, ಬಡಿಸುವುದು ಹುಡುಗಿಯರ ಪಾಳಿ. ದಿನಕ್ಕಿಬ್ಬರು ರೊಟ್ಟಿಯ ಬುಟ್ಟಿ, ಪಲ್ಯದ ಪಾತ್ರೆ ಹಿಡಿದು ಸಾಲಿನುದ್ದಕ್ಕೂ ಹೋಗಬೇಕು. ತೊಂಬತ್ತೆಂಟರಲ್ಲಿ ಅಗರಖೇಡದಿಂದ ಸುಂದರವ್ವ ಬಂದಳು. ಅಲ್ಲಿನ ದಲಿತರ ಓಣಿಯಿಂದ ಕಾಲೇಜು ಕಂಡ ಮೊದಲ ಹುಡುಗಿ. ಆಕೆಯ ಪಾಳಿ ಬಂದ ದಿನ ಸಾಲಿನಲ್ಲಿ ಕೂತವರಿಗೆ ಒಮ್ಮೆಲೇ ಹಸಿವು ಇಂಗಿಹೋಗುತ್ತಿತ್ತು. ಒಬ್ಬಳಿಗೆ ತಲೆಶೂಲೆ, ಇನ್ನೊಬ್ಬಳಿಗೆ ಸೋಮವಾರದ ಉಪವಾಸ, ಅದೂ ಗುರುವಾರ!

ಒಂದು ಸಂಜೆ ಸುಂದರವ್ವ ಸುಮಿತ್ರಾಬಾಯಿಯ ಮನೆಗೇ ಬಂದಳು.

"ಬಾಯಾರ, ನಾ ಬುಟ್ಟಿ ಹಿಡದ್ರ ಯಾರೂ ಉಣವಲ್ರು. ದಾನೇಶ್ವರಿ ಅಂತೂ ತಾಟಿನ ಮ್ಯಾಲೆ ಕೈ ಮುಚ್ಚತಾಳ. ನೀವರ ಒಂದು ಮಾತು ಹೇಳ್ರಿ."

ದಾನೇಶ್ವರಿ ಇಂಡಿ ಪಟ್ಟಣದ ದೊಡ್ಡ ವ್ಯಾಪಾರಿಯ ಮಗಳು, ಹಾಸ್ಟೆಲ್ಲಿನಲ್ಲಿ ಆಕೆ ಹಾಕಿದ ಗೆರೆಯನ್ನು ಯಾರೂ ದಾಟುತ್ತಿರಲಿಲ್ಲ. ಇಂಥದ್ದು ನಡೆದರೆ ಬರಹದಲ್ಲಿ ದೂರು ಪಡೆದು ಪ್ರಿನ್ಸಿಪಾಲರಿಗೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಕಳಿಸಬೇಕೆಂಬ ಸುತ್ತೋಲೆಯನ್ನು ಸುಮಿತ್ರಾಬಾಯಿಯೇ ಹುಡುಗಿಯರಿಗೆ ಓದಿ ಹೇಳಿದ್ದಳು. ಶರಣರು ಸಾರಿದ ಸಮಾನತೆಯ ಪಾಠ ಮಾಡುವಾಗ ಆಕೆ ಗಂಟೆ ಹೊಡೆದದ್ದನ್ನೂ ಮರೆಯುತ್ತಿದ್ದಳು. ತಾನು ಆ ಶರಣರ ನೆಲವಾದ ಬಾಗೇವಾಡಿ ತಾಲೂಕಿನವಳೆಂಬ ಹೆಮ್ಮೆ ಬೇರೆ. ಆದರೆ ದೂರು ಎಂದಕೂಡಲೇ ಕಣ್ಣ ಮುಂದೆ ಬಂದದ್ದು ಪಾಲಕರ ಜೀಪು, ಅವರ ಕೂಗಾಟ. ಹುಡುಗಿಯ ತಲೆ ಸವರಿದಳು.

"ಆ ಅವಮಾನ ನಿನಗ್ಯಾಕ ಬೇಕವ್ವಾ? ಇನ್ನ ಮ್ಯಾಲೆ ನಿನಗ ಪಾಳೀನ ಬ್ಯಾಡ. ನೀ ಓದಕೋತ ಕುಂದರು. ನಾ ಎಲ್ಲಾರಿಗೂ ಹೇಳತೇನಿ."

ಸುಂದರವ್ವ "ಆತ್ರಿ" ಎಂದಷ್ಟೇ ಹೇಳಿ ಹೋದಳು. ದೊಡ್ಡ ಜಗಳವೊಂದು ತಪ್ಪಿತೆಂದು ಸುಮಿತ್ರಾಬಾಯಿ ಅಂದು ಹೊಟ್ಟೆ ತುಂಬ ಉಂಡಳು. ನಮ್ಮ ಹಾಸ್ಟೆಲ್ಲಿನಲ್ಲಿ ಒಂದೂ ತಕರಾರಿಲ್ಲ ಎಂದು ಪ್ರಿನ್ಸಿಪಾಲರ ಮುಂದೆ ಜಂಬ ಕೂಡ ಕೊಚ್ಚಿಕೊಂಡಳು.

ಮರುವರ್ಷ ಜೂನಿನಲ್ಲಿ ಹೊಸ ಹುಡುಗಿಯರು ಬಂದರು. ಅವರಲ್ಲೊಬ್ಬಳು ಸುಮೇಧಾ, ಮೊದಲ ಪಾಳಿಯ ದಿನ ರೊಟ್ಟಿಯ ಬುಟ್ಟಿ ಎತ್ತಲಾರದೆ ಒದ್ದಾಡುತ್ತಿದ್ದಳು. ಪಕ್ಕದಲ್ಲಿದ್ದ ಸುಂದರವ್ವ ಕೈ ಹಚ್ಚಲು ಹೋದಳು.

"ಆಕಿ ಕೈಯಾಗ ಕೊಡಬ್ಯಾಡ," ಎಂದಳು ದಾನೇಶ್ವರಿ. "ಆಕಿ ರೊಟ್ಟಿ ಬುಟ್ಟಿ ಮುಟ್ಟಂಗಿಲ್ಲ. ಬಾಯಾರ ಕಾಯ್ದೆ ಮಾಡ್ಯಾರ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ನಳ ಎಲ್ಲಿದೆ ಎಂದು ಹೊಸಬರಿಗೆ ತೋರಿಸುವಂತೆ ಹೇಳಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮಿತ್ರಾಬಾಯಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು. ನುಗ್ಗಿ ಬಂದು ಬುಟ್ಟಿಯನ್ನು ಕಸಿದು ಸುಂದರವ್ವನ ಕೈಗಿಟ್ಟಳು.

"ಇವತ್ತು ಎಲ್ಲಾರಿಗೂ ಸುಂದರವ್ವನೇ ಬಡಸ್ತಾಳ. ನೋಡೂಣು, ಯಾರು ಏಳತೀರಿ!"

ಸುಂದರವ್ವ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು. "ಇವತ್ತು ನನ್ನ ಪಾಳಿ ಅಲ್ರಿ," ಎಂದು ಹೊರಗೆ ನಡೆದಳು.

ಸುಮಿತ್ರಾಬಾಯಿ ಅಂಗಳದವರೆಗೂ ಬೆನ್ನು ಹತ್ತಿದಳು. "ನನ್ನ ಮ್ಯಾಲೆ ಸಿಟ್ಟೇನವ್ವಾ?"

"ಹುಡಿಗ್ಯಾರು ಅಷ್ಟ ಅಂದಿದ್ರ ನಾ ಜಗಳಾಡತಿದ್ದೆ, ಇವತ್ತಲ್ಲ ನಾಳೆ ಅವರೂ ಉಣತಿದ್ರು. ನೀವು ಹೇಳಿದ ಮ್ಯಾಲೆ ಯಾರ ಕೂಡ ಜಗಳಾಡ್ಲಿ? ನಾ ದೂರಿನ ಅರ್ಜಿ ಬರದೇನ್ರಿ. ಅದರಾಗ ನಿಮ್ಮ ಹೆಸರೂ ಐತಿ. ಪ್ರಿನ್ಸಿಪಾಲರಿಗೆ ಮುಟ್ಟಬೇಕಂದ್ರ ನಿಮ್ಮ ಸಹಿ ಬೇಕಂತ, ಅದಕ್ಕ ಪೆಟಗಿಯಾಗ ಇಟ್ಟೇನಿ. ಸಹಿ ಮಾಡತಿದ್ರ ಮಾಡ್ರಿ. ಇಲ್ಲಾಂದ್ರ ಐತವಾರ ಊರಿಗೆ ಹೋಗತೇನಿ, ತಿರುಗಿ ಬರಂಗಿಲ್ಲ."

ಅರ್ಜಿಯನ್ನು ಮನೆಗೆ ತಂದು ಸುಮಿತ್ರಾಬಾಯಿ ಮಧ್ಯಾಹ್ನವೆಲ್ಲ ಅದರ ಮುಂದೆ ಕೂತಳು. ಮೊದಲು ಬಂದದ್ದು ಸಿಟ್ಟು. ಒಳ್ಳೆಯದು ಮಾಡಲು ಹೋದವಳಿಗೆ ಇದೇನು ಬಹುಮಾನ? ದಾನೇಶ್ವರಿಯ ಸಾಲಿಗೆ ನನ್ನನ್ನೂ ಸೇರಿಸುವುದೇ? ನನ್ನ ಮನೆಗೆ ಬಂದಾಗ ಅವಳನ್ನು ನಾನು ಎಷ್ಟು ಅಕ್ಕರೆಯಿಂದ... ಅಲ್ಲಿಗೆ ಬಂದು ಯೋಚನೆ ನಿಂತಿತು. ಅಂದು ಹುಡುಗಿ ನಿಂತಿದ್ದು ಹೊಸ್ತಿಲ ಹೊರಗೆ. ತಲೆ ಸವರಿದ್ದೂ ಅಲ್ಲೇ. ಒಳಗೆ ಬಾ, ಚಹಾ ಕುಡಿ ಎನ್ನುವ ಮಾತು ಬಾಯಿಗಲ್ಲ, ಮನಸ್ಸಿಗೂ ಬಂದಿರಲಿಲ್ಲ. ಬೇರೆ ಯಾವ ಹುಡುಗಿಯನ್ನೂ ಆಕೆ ಹಾಗೆ ಹೊರಗೆ ನಿಲ್ಲಿಸಿದವಳಲ್ಲ. ಈ ಒಂದು ಸಂಗತಿ ಅರ್ಜಿಯಲ್ಲಿ ಇರಲಿಲ್ಲ, ಹುಡುಗಿ ಅದನ್ನು ಬರೆಯದೆ ಬಿಟ್ಟಿದ್ದಳು. ಸುಮಿತ್ರಾಬಾಯಿ ಬಿಕ್ಕಿ ಅತ್ತಳು. ಅಳುತ್ತಲೇ ಸಹಿ ಮಾಡಿದಳು.

ಅರ್ಜಿಯನ್ನು ಸಿಪಾಯಿಯ ಕೈಗೆ ಕೊಡದೆ ತಾನೇ ಒಯ್ದಳು. ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದರು.

"ಇದರಾಗ ನಿಮ್ಮ ಹೆಸರೂ ಐತೆಲ್ರಿ ಬಾಯಾರ! ವಿಶ್ವವಿದ್ಯಾಲಯಕ್ಕ ಹೋತಂದ್ರ ವಿಚಾರಣಿ ಆಗ್ತೈತಿ, ನಿಮ್ಮ ನೌಕರೀಗೆ ಕುತ್ತು. ನೀವು ಮನಿ ಮಗಳಂಗ ನೋಡಕೊಂಡಾಕಿ ಅದಾಳ. ಕರದು ತಿಳಿಸಿ ಹೇಳ್ರಿ. ನಿಮ್ಮ ಮಾತು ಕೇಳತಾಳ."

"ಹೌದ್ರಿ, ಕೇಳತಾಳ," ಎಂದಳು ಸುಮಿತ್ರಾಬಾಯಿ. "ಹೋದ ವರ್ಷನೂ ಕೇಳಿದ್ಲು. ಸಿಕ್ಕಾ ಹಾಕಿ ವಿಶ್ವವಿದ್ಯಾಲಯಕ್ಕ ಕಳಸ್ರಿ."